ಚಿತ್ರ ತೋರಿಸದ ಕೌದಿಗೆ ತಯಾರಿ

ತಮಿಳು ಸಂತ ಪಟ್ಟಿನತ್ತಾರ್ ಅವರ ಕಥೆಯಲ್ಲಿ ಒಂದು ಸೂಜಿ ಬರುತ್ತದೆ. ಅದಕ್ಕೆ ಕಣ್ಣಿಲ್ಲ. ಅವರು ಕಾವೇರಿಪೂಂಪಟ್ಟಿನದ ದೊಡ್ಡ ಹಡಗು ವ್ಯಾಪಾರಿ. ಸಾಕುಮಗ ಮರುದವಾಣನ್ ಕಡಲು ದಾಟಿ ವ್ಯಾಪಾರ ಮುಗಿಸಿ ಮರಳಿದಾಗ ಹಡಗಿನಲ್ಲಿ ಇದ್ದದ್ದು ಬರೀ ಬೆರಣಿ, ಭತ್ತದ ಹೊಟ್ಟು. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ಮಗ ಒಂದು ಪೆಟ್ಟಿಗೆ ಬಿಟ್ಟು ಕಣ್ಮರೆಯಾದ. ತೆರೆದು ನೋಡಿದರೆ ಒಳಗೆ ಕಣ್ಣು ಮುರಿದ ಸೂಜಿ, ಜೊತೆಗೊಂದು ಓಲೆ. ಕಣ್ಣು ಮುರಿದ ಸೂಜಿಯೂ ಕೊನೆಯ ದಾರಿಗೆ ಜೊತೆ ಬಾರದು ಎಂಬ ಆ ಓಲೆ ಓದಿದ ವ್ಯಾಪಾರಿ ಗಂಟು ಗದ್ದುಗೆಯನ್ನೆಲ್ಲ ಬಿಟ್ಟು ಮನೆಯಿಂದ ಹೊರಬಿದ್ದರು. ಊರೂರು ಅಲೆದು ಕೊನೆಗೆ ನೆಲೆ ನಿಂತದ್ದು ಚೆನ್ನೈನ ಉತ್ತರ ತುದಿಯ ತಿರುವೊಟ್ಟಿಯೂರಿನಲ್ಲಿ. ಸಮಾಧಿ ಇವತ್ತಿಗೂ ಅಲ್ಲೇ, ಕಡಲ ಬದಿಯಲ್ಲಿದೆ.

ವಿರಕ್ತರಿಗೆ ಆ ಸೂಜಿ ಸಾಕು. ಸಂಸಾರಸ್ಥರಿಗೆ ಕಣ್ಣಿರುವ ಸೂಜಿಯೇ ಬೇಕು. ಈ ಬರಹ ಅಂಥವರಿಗೆ, ಅದರಲ್ಲೂ ‘ಮಿಸ್ಟರಿ ಕ್ವಿಲ್ಟ್’ ಎಂಬ ಹೆಸರು ಕೇಳಿ ಕುತೂಹಲ ಹುಟ್ಟಿ, ಆದರೆ ಇದುವರೆಗೆ ಒಂದು ದಿಂಬಿನ ಚೀಲಕ್ಕಿಂತ ದೊಡ್ಡದೇನನ್ನೂ ಹೊಲಿಯದವರಿಗೆ.

ಊರಿನ ಮಾತು ಮೊದಲು. ತಿರುವೊಟ್ಟಿಯೂರು ಎಂದರೆ ಈಗಿನವರಿಗೆ ಎನ್‌ಫೀಲ್ಡ್ ಬುಲೆಟ್, ಎಂಆರ್‌ಎಫ್ ಟೈರು, ಬಂದರಿಗೆ ಹೋಗುವ ಕಂಟೇನರ್ ಲಾರಿಗಳ ಸಾಲು. ಸಂಗೀತ ಬಲ್ಲವರಿಗೆ ತ್ಯಾಗರಾಜರು ಇಲ್ಲಿನ ತ್ರಿಪುರಸುಂದರಿಯ ಮೇಲೆ ರಚಿಸಿದ ಐದು ಕೃತಿಗಳು. ನಮಗೂ ಈ ಊರು ತೀರಾ ಪರಸ್ಥಳವಲ್ಲ. 949ರ ತಕ್ಕೋಲಂ ಯುದ್ಧ ಗೆದ್ದ ಮೇಲೆ ರಾಷ್ಟ್ರಕೂಟರ ಮೂರನೆಯ ಕೃಷ್ಣ ಈ ಸೀಮೆಯನ್ನು ಕೈಗೆ ತೆಗೆದುಕೊಂಡ. ಅವನನ್ನು ‘ಕನ್ನರದೇವ’ ಎಂದು ಕರೆಯುವ ಶಾಸನಗಳು ತಿರುವೊಟ್ಟಿಯೂರಿನ ದೇವಾಲಯದಲ್ಲಿ ಇವೆ. ಆದರೆ ಈ ದಿಕ್ಕಿನ ಚೆನ್ನೈಯನ್ನು ಬೆಳೆಸಿದ್ದು ಕತ್ತಿಯೂ ಅಲ್ಲ, ಟೈರೂ ಅಲ್ಲ, ಬಟ್ಟೆ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮದರಾಸಿನಲ್ಲಿ ಕಾಲೂರಿದ್ದೇ ಈ ಕರಾವಳಿಯ ಹತ್ತಿ ಬಟ್ಟೆಗಾಗಿ. ಮೆಟ್ರೋದ ನೀಲಿ ಮಾರ್ಗ 2021ರ ಫೆಬ್ರುವರಿಯಲ್ಲಿ ವಿಮ್ಕೋ ನಗರದವರೆಗೆ ಚಾಚಿಕೊಂಡಿತಲ್ಲ, ಅದರಲ್ಲಿ ಕೂತು ನಿಲ್ದಾಣಗಳನ್ನು ನೋಡುತ್ತಾ ಹೋಗಿ. ವಣ್ಣಾರಪೇಟೆ ಬರುತ್ತದೆ: ಕಂಪನಿಯ ಬಟ್ಟೆಯನ್ನು ಒಗೆದು, ಬಿಳುಪು ಮಾಡಿ, ಹಡಗಿಗೆ ಸಿದ್ಧ ಮಾಡುತ್ತಿದ್ದ ಅಗಸರ ಕೇರಿ. ತಿರುವೊಟ್ಟಿಯೂರಿಗೆ ಮೊದಲು ಕಾಲಡಿಪೇಟೆ ಬರುತ್ತದೆ: 1717ರಿಂದ 1720ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಜೋಸೆಫ್ ಕಾಲೆಟ್ ನೇಕಾರರಿಗಾಗಿ ಮಾಡಿಸಿದ ಪೇಟೆ.

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಏನಾಗುತ್ತಿತ್ತು? ಭಾರತದ ಹೂವಿನ ಚೀಟಿ ಬಟ್ಟೆಗೆ ಅಲ್ಲಿನ ಹೆಂಗಸರು ಮರುಳಾಗಿದ್ದರು. ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ಹೊಟ್ಟೆಗೆ ಕಲ್ಲು ಬಿತ್ತೆಂದು ಬೀದಿಗೆ ಇಳಿದಿದ್ದರು. 1721ರಲ್ಲಿ ಪಾರ್ಲಿಮೆಂಟು ಅಚ್ಚು ಹಾಕಿದ ಹತ್ತಿ ಬಟ್ಟೆಯನ್ನು ಉಡುವುದನ್ನೂ ಮನೆಯಲ್ಲಿ ಬಳಸುವುದನ್ನೂ ನಿಷೇಧಿಸಿತು. ಸಿಗದ ಬಟ್ಟೆಗೆ ಬೆಲೆ ಜಾಸ್ತಿ. ಕಂಬ್ರಿಯಾದ ಲೆವೆನ್ಸ್ ಹಾಲ್ ಎಂಬ ಮನೆಯಲ್ಲಿ ಸುಮಾರು 1708ರ ಒಂದು ತೇಪೆಯ ಹೊದಿಕೆ, ಅಂದರೆ ಕ್ವಿಲ್ಟ್, ಇದೆ. ಇಂಗ್ಲೆಂಡಿನಲ್ಲಿ ಉಳಿದಿರುವ ಅತಿ ಹಳೆಯವುಗಳಲ್ಲಿ ಅದೊಂದು ಎನ್ನುತ್ತಾರೆ, ಹೊಲಿದದ್ದು ಭಾರತದ ಚೀಟಿ ಬಟ್ಟೆಯ ತುಂಡುಗಳಿಂದ. ಮುಂದೆ ಇಂಗ್ಲೆಂಡ್ ಮತ್ತು ಅಮೆರಿಕದ ಹೆಂಗಸರು ಇಂಥ ಬಟ್ಟೆಯಿಂದ ಒಂದು ಹೂವು, ಒಂದು ಹಕ್ಕಿಯನ್ನಷ್ಟೇ ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಹೊಲಿದು ಹೊದಿಕೆ ಮಾಡಿದರು, ಅಷ್ಟು ಜೋಪಾನ. ಆದ್ದರಿಂದ ಕ್ವಿಲ್ಟ್ ಎಂದರೆ ಪರದೇಶದ ಹವ್ಯಾಸ, ನಮಗೇಕೆ ಎಂದು ಮೂಗು ಮುರಿಯುವವರಿಗೆ ಇಷ್ಟು ಹೇಳಬಹುದು: ಕಸುಬು ಅಲ್ಲಿ ಬೆಳೆದಿರಬಹುದು, ಅದರ ಮೊದಲ ತುಂಡುಗಳಲ್ಲಿ ಒಂದಷ್ಟು ಇಲ್ಲಿಂದ ಹೋದವು.

ಇನ್ನು ‘ಮಿಸ್ಟರಿ’. ಸಾಮಾನ್ಯವಾಗಿ ಕ್ವಿಲ್ಟ್ ಹೊಲಿಯುವವರು ಮೊದಲು ಚಿತ್ರ ನೋಡುತ್ತಾರೆ, ಆಮೇಲೆ ಬಟ್ಟೆ ಕೊಳ್ಳುತ್ತಾರೆ. ಇಲ್ಲಿ ಚಿತ್ರವನ್ನೇ ಬಚ್ಚಿಡುತ್ತಾರೆ. ವಿನ್ಯಾಸಕಿ ಮೊದಲಿಗೆ ಕೊಡುವುದು ಇಷ್ಟೇ: ಮುಗಿದಾಗ ಹೊದಿಕೆಯ ಅಳತೆ ಎಷ್ಟು, ಎಷ್ಟು ಬಗೆಯ ಬಟ್ಟೆ ಬೇಕು, ಅದರಲ್ಲಿ ತಿಳಿಬಣ್ಣ ಎಷ್ಟು, ಗಾಢ ಬಣ್ಣ ಎಷ್ಟು. ಆಮೇಲೆ ವಾರಕ್ಕೋ ತಿಂಗಳಿಗೋ ಒಂದು ಸುಳಿವು. ಈ ವಾರ ಇಷ್ಟು ಚೌಕ ಕತ್ತರಿಸಿ, ಮುಂದಿನ ವಾರ ಅವನ್ನು ಹೀಗೆ ಜೋಡಿಸಿ, ಎತ್ತಿಡಿ. ಎಲ್ಲಾ ತುಂಡೂ ಸಿದ್ಧವಾಗಿ ಕೊನೆಯ ಸುಳಿವು ಬಂದಾಗಲೇ ಅವೆಲ್ಲ ಸೇರಿ ಏನಾಗುತ್ತವೆಂದು ತಿಳಿಯುವುದು. ನಮ್ಮ ವಾರಪತ್ರಿಕೆಗಳ ಧಾರಾವಾಹಿಗೆ ಕಾದು ಕೂತವರಿಗೆ ಈ ರುಚಿ ಹೇಳಿಕೊಡಬೇಕಾಗಿಲ್ಲ. ವಿನ್ಯಾಸವನ್ನು ಕಂತುಕಂತಾಗಿ ಕೊಡುವುದನ್ನು ಪತ್ರಿಕೆಗಳೂ ಬಹಳ ಹಿಂದೆಯೇ ಮಾಡಿದ್ದವು. ಅಮೆರಿಕದ ‘ಕನ್ಸಾಸ್ ಸಿಟಿ ಸ್ಟಾರ್’ 1928ರಿಂದ 1961ರವರೆಗೆ ಕ್ವಿಲ್ಟ್ ವಿನ್ಯಾಸಗಳನ್ನು ಅಚ್ಚು ಹಾಕುತ್ತಲೇ ಇತ್ತು. ಓದುಗರು ಅವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಈಗ ಬಾನಿ ಹಂಟರ್ ಎಂಬ ಅಮೆರಿಕದ ವಿನ್ಯಾಸಕಿ ವರ್ಷವರ್ಷವೂ ನವೆಂಬರ್ ಕೊನೆಯಲ್ಲಿ ಒಂದು ಮಿಸ್ಟರಿ ಆರಂಭಿಸುತ್ತಾರೆ. ಲೋಕದ ನಾನಾ ಮೂಲೆಯವರು ಅದರ ಜೊತೆ ಹೊಲಿಯುತ್ತಾರೆ. ಚೆನ್ನೈಯಲ್ಲೂ ಇಂಥ ಆಸಕ್ತರಿಗೆ ಬರವಿಲ್ಲ. ಮೊದಲ ಇಂಡಿಯಾ ಕ್ವಿಲ್ಟ್ ಫೆಸ್ಟಿವಲ್ ನಡೆದದ್ದು ಈ ನಗರದಲ್ಲೇ, 2019ರ ಜನವರಿಯಲ್ಲಿ.

ಮುಗಿಯುವವರೆಗೆ ಹೇಗೆ ಕಾಣುತ್ತದೆಂದು ಗೊತ್ತಿಲ್ಲದ ಹೊದಿಕೆ ಎಂಬುದು ಉತ್ತರ ಕರ್ನಾಟಕದವರಿಗೆ ಹೊಸ ಸುದ್ದಿಯೇ? ಕೌದಿ ಹೊಲಿಯಲು ಕೂತವರ ಮುಂದೆ ಯಾವ ನಕ್ಷೆ ಇರುತ್ತದೆ? ಮನೆಯವರು ತಂದು ಸುರಿದ ಹಳೆಯ ಅರಿವೆ ಇರುತ್ತದೆ: ಹರಿದ ಇಳಕಲ್ ಸೀರೆ, ಮಾಸಿದ ಧೋತರ, ಮಕ್ಕಳ ಅಂಗಿ. ಗಟ್ಟಿ ಉಳಿದ ಭಾಗ ನೋಡಿ ಹರಿದು, ಒಂದರ ಮೇಲೊಂದು ಹಾಸಿ, ತೇಪೆ ಹಚ್ಚಿ, ಉದ್ದನೆಯ ಸೂಜಿಯಿಂದ ಸಾಲುಸಾಲು ಹೊಲಿಗೆ ಹಾಕುತ್ತಾ ಹೋದಂತೆ ಕೌದಿಗೆ ಮುಖ ಬರುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರ ಕವಂದ್ ಇನ್ನೂ ಸೊಗಸು. ಅವರು ಬಿಡಿ ಚೌಕಗಳನ್ನು ಮೊದಲೇ ಮಾಡಿಟ್ಟುಕೊಳ್ಳುವುದಿಲ್ಲ. ಹಳೆಯ ಸೀರೆಯ ಬುಡದ ಮೇಲೆ ಒಂದು ಮೂಲೆಯಿಂದ ತೇಪೆ ಇಡಲು ಶುರು ಮಾಡಿ, ಅಂಚಿನ ಗುಂಟ ಸುತ್ತು ಬಂದು, ಒಳಕ್ಕೆ ಒಳಕ್ಕೆ ಸರಿಯುತ್ತಾ ನಡುವಿಗೆ ತಲುಪುತ್ತಾರೆ. ತೇಪೆ ಕೂಡಿಸುವುದೂ ಪದರ ಹಿಡಿಸುವುದೂ ಒಂದೇ ಹೊಲಿಗೆಯಲ್ಲಿ ಆಗಿಹೋಗುತ್ತದೆ. ನಾಲ್ಕು ಮೂಲೆಗೆ ಬಟ್ಟೆ ಮಡಿಸಿ ಮಾಡಿದ ‘ಫುಲಾ’ ಬಂದರೇನೇ ಕವಂದ್ ಪೂರ್ತಿ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಬೆನ್ನು ಹತ್ತಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕ್ವಿಲ್ಟ್ ಸಹಕಾರ ಸಂಘ ಹುಟ್ಟಿತು. 2011ರಲ್ಲಿ ಈ ಹೊದಿಕೆಗಳು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದ ಗೋಡೆಯ ಮೇಲೆ ತೂಗಿದವು.

ನನ್ನ ಲೆಕ್ಕಕ್ಕೆ ನಿಜವಾದ ಮಿಸ್ಟರಿ ಈ ಕವಂದ್. ಅಮೆರಿಕದ ಮಿಸ್ಟರಿಯಲ್ಲಿ ಗುಟ್ಟು ಕನಿಷ್ಠ ಒಬ್ಬರಿಗೆ ಗೊತ್ತು. ಕವಂದಿನಲ್ಲಿ ಹೊಲಿಯುವವಳಿಗೂ ಗೊತ್ತಿಲ್ಲ, ಅವಳ ಕೈಗೆ ಮಾತ್ರ ಗೊತ್ತು. ಹಾಗಾದರೆ ಹೊಸಬರು ನೇರವಾಗಿ ಕೌದಿಗೇ ಕೈ ಹಾಕಬಹುದಲ್ಲ? ಬೇಡ. ಕೌದಿ ಕಣ್ಣಳತೆಯ ಕೆಲಸ. ಆ ಕಣ್ಣು ಬರಲು ಹತ್ತಾರು ಕೌದಿ ಮುಗಿದಿರಬೇಕು. ಸುಳಿವಿನ ಕ್ವಿಲ್ಟಿನಲ್ಲಿ ಕಣ್ಣಿನ ಕೆಲಸವನ್ನು ಬೇರೆಯವರು ಮಾಡಿ ಮುಗಿಸಿರುತ್ತಾರೆ. ನಮ್ಮ ಪಾಲಿಗೆ ಉಳಿಯುವುದು ತಯಾರಿ ಮತ್ತು ಅಳತೆ. ಎರಡೂ ಕಲಿಯಬಹುದಾದವು. ಜೊತೆಗೆ ಮುಂದೆ ಚಿತ್ರವಿಲ್ಲದಿರುವುದೂ ಒಂದು ಉಪಕಾರವೇ. ‘ಅದರಲ್ಲಿರುವಂತೆ ನನ್ನದು ಬರಲಿಲ್ಲ’ ಎಂದು ಅರ್ಧಕ್ಕೇ ಕೈಬಿಡುವ ನೆಪ ಸಿಗುವುದಿಲ್ಲ.

ಯಾವ ಮಿಸ್ಟರಿ ಹೊಸಬರಿಗೆ ಒಗ್ಗುತ್ತದೆ ಎಂದು ತಿಳಿಯಲು ಚಿತ್ರ ಬೇಕಿಲ್ಲ. ಬಟ್ಟೆಯ ಪಟ್ಟಿ ನೋಡಿದರೆ ಸಾಕು. ಮೂರು ನಾಲ್ಕು ಬಗೆಯ ಬಟ್ಟೆ, ಚೌಕ ಮತ್ತು ತ್ರಿಕೋನ ಮಾತ್ರ, ತುಂಡುಗಳ ಅಳತೆ ಎರಡೂವರೆ ಇಂಚಿಗಿಂತ ಕಡಿಮೆ ಇಲ್ಲ ಎಂದಿದ್ದರೆ ಧೈರ್ಯವಾಗಿ ಸೇರಿಕೊಳ್ಳಿ. ಹತ್ತು ಹನ್ನೆರಡು ಬಣ್ಣ, ಬಾಗಿದ ಹೊಲಿಗೆ, ಹಾಸಿಗೆ ತುಂಬ ಅಳತೆ ಎಂದಿದ್ದರೆ ನಮಸ್ಕಾರ ಹೇಳಿ ಮುಂದೆ ಹೋಗಿ. ತುಂಡು ಸರಳವಾದರೆ ಗುಟ್ಟು ಬೇಗ ರಟ್ಟಾಗುತ್ತದೆ ಎಂಬ ಹೆದರಿಕೆ ಬೇಡ. ಈ ಲೆಕ್ಕ ನೋಡಿ. ಒಂದು ತಿಳಿ, ಒಂದು ಗಾಢ ತ್ರಿಕೋನ ಸೇರಿದ ಪುಟ್ಟ ಚೌಕವೊಂದನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಇಡಬಹುದು. ಅಂಥ ಹದಿನಾರು ಚೌಕ ಸೇರಿ ಒಂದು ದೊಡ್ಡ ಚೌಕ. ನಾಲ್ಕನ್ನು ಹದಿನಾರು ಸಲ ಗುಣಿಸಿದರೆ 429 ಕೋಟಿ ದಾಟುತ್ತದೆ! ಗಾಳಿಪಂಕ, ನಕ್ಷತ್ರ, ವಜ್ರ, ಅಂಕುಡೊಂಕು ಅಲೆ, ಎಲ್ಲವೂ ಈ ಒಂದೇ ತುಂಡಿನ ತಿರುವುಗಳು. ನಿಮ್ಮ ಕೈಯಲ್ಲಿ ರಾಶಿ ಚೌಕಗಳಿದ್ದರೂ ಕೊನೆಯ ಸುಳಿವು ಬರುವವರೆಗೆ ನಿಮಗೇನೂ ಹೊಳೆಯದು.

ಬಟ್ಟೆಗೆ ಬರೋಣ. ಅಮೆರಿಕದಿಂದ ತರಿಸಿದ ‘ಕ್ವಿಲ್ಟಿಂಗ್ ಕಾಟನ್’ ಬೇಕೇ ಬೇಕು ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಕಾಲಡಿಪೇಟೆಯ ಪಕ್ಕ ಕೂತು ಹತ್ತಿ ಬಟ್ಟೆಯನ್ನು ಹಡಗಿನಲ್ಲಿ ತರಿಸುವುದು ಚರಿತ್ರೆಗೇ ನಗು ತರಿಸುವ ಕೆಲಸ. ವಣ್ಣಾರಪೇಟೆಯ ಎಂ.ಸಿ. ರೋಡಿನಲ್ಲಿ ಸಾಲು ಬಟ್ಟೆ ಅಂಗಡಿಗಳಿವೆ; ಜಾರ್ಜ್ ಟೌನಿನ ಗೋಡೌನ್ ಸ್ಟ್ರೀಟಿನಲ್ಲಿ ಸಗಟು ವ್ಯಾಪಾರವಿದೆ; ಕೈಮಗ್ಗ ಬೇಕೆಂದರೆ 1935ರಿಂದ ನಡೆಯುತ್ತಿರುವ ಕೋ-ಆಪ್ಟೆಕ್ಸ್ ಇದೆ. ಆದರೆ ನನ್ನ ಮೊದಲ ಆಯ್ಕೆ ಯಾವ ಊರಿನಲ್ಲೂ ಸಿಗುವ ಮ್ಯಾಚಿಂಗ್ ಸೆಂಟರ್. ಸೀರೆಗೆ ರವಿಕೆ ಹೊಂದಿಸಲು ಇಟ್ಟಿರುವ ಟು ಬೈ ಟು, ಪಾಪ್ಲಿನ್ ಥಾನುಗಳು ಅಲ್ಲಿ ಬಣ್ಣದ ಛಾಯೆಯ ಪ್ರಕಾರವೇ ಕೂತಿರುತ್ತವೆ. ಒಂದೇ ನೀಲಿಯಲ್ಲಿ ಏಳೆಂಟು ಮೆಟ್ಟಿಲು ಕಣ್ಣೆದುರಿಗೇ ಸಿಗುತ್ತವೆ; ಮಿಸ್ಟರಿಗೆ ಬೇಕಾದದ್ದೇ ಅದು. ಇನ್ನು ತಾಂಬೂಲದ ಜೊತೆ ಬಂದು ಬೀರುವಿನಲ್ಲಿ ಬಿದ್ದಿರುವ ರವಿಕೆ ಕಣಗಳು ಯಾರ ಮನೆಯಲ್ಲಿಲ್ಲ? ಅವನ್ನು ಮತ್ತೊಬ್ಬರ ಉಡಿಗೆ ದಾಟಿಸುವ ಮೊದಲು ಒಮ್ಮೆ ನೋಡಿ, ಹತ್ತಿಯದಾಗಿದ್ದರೆ ಉಳಿಸಿಕೊಳ್ಳಿ. ಅನುಮಾನವಿದ್ದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಗುಳೇದಗುಡ್ಡದ ಖಣ ಕಣ್ಣಿಗೆ ಹಬ್ಬ, ನಿಜ. ಆದರೆ ಜಾರುತ್ತದೆ, ನೂಲು ಬಿಡುತ್ತದೆ. ಮೊದಲ ಹೊದಿಕೆಗೆ ಅದು ಬೇಡ.

ಹೊಸಬರು ಸೋಲುವುದು ಬಣ್ಣದಲ್ಲಿ ಅಲ್ಲ, ಬೆಳಕು ಕತ್ತಲೆಯಲ್ಲಿ. ಸುಳಿವಿನಲ್ಲಿ ‘ತಿಳಿ’ ಎಂದಿದ್ದರೆ ತಿಳಿಯೇ ಆಗಬೇಕು. ಕೆಂಪು ಮತ್ತು ಹಸಿರು ಪಕ್ಕಪಕ್ಕ ಇಟ್ಟಾಗ ಎಷ್ಟೇ ಬೇರೆಯಾಗಿ ಕಂಡರೂ, ಎರಡೂ ಸಮ ಗಾಢವಾಗಿದ್ದರೆ ಹೊಲಿದ ಮೇಲೆ ನಕ್ಷತ್ರ ಕಲಸಿಹೋಗುತ್ತದೆ. ಪರೀಕ್ಷೆ ಸುಲಭ: ಬಟ್ಟೆಗಳನ್ನು ಸಾಲಾಗಿಟ್ಟು ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಬೂದುಬಣ್ಣದಲ್ಲಿ ಎರಡು ತುಂಡು ಒಂದೇ ಆಗಿ ಕಂಡರೆ ಒಂದನ್ನು ತೆಗೆದಿಡಿ. ನಮ್ಮ ಕಡೆಯ ಬಟ್ಟೆಯಲ್ಲಿ ಇನ್ನೊಂದು ತೊಡಕಿದೆ. ತಿಳಿಬಣ್ಣದ ಮೈಗೆ ದೊಡ್ಡ ಗಾಢ ಹೂವು, ಅಂಚಿಗೆ ಜರಿ. ಕತ್ತರಿಸಿದಾಗ ಒಂದು ಚೌಕದಲ್ಲಿ ಬರೀ ಹೂವು, ಇನ್ನೊಂದರಲ್ಲಿ ಬರೀ ಬಯಲು. ಅದು ತಿಳಿಯೂ ಅಲ್ಲ, ಗಾಢವೂ ಅಲ್ಲ. ಮಿಸ್ಟರಿಗೆ ಸಾದಾ ಬಣ್ಣ ಅಥವಾ ಸಾಸಿವೆಯಷ್ಟು ಚಿಕ್ಕ ಚಿತ್ತಾರವೇ ವಾಸಿ. ದೊಡ್ಡ ಹೂವನ್ನು ಹಿಂಬದಿಗೆ ಇಟ್ಟುಕೊಳ್ಳಿ.

ಈಗ ನೀರು. ಮದರಾಸಿನ ಹೆಸರನ್ನು ಅಮೆರಿಕದ ಬೀರುಗಳಿಗೆ ತಲುಪಿಸಿದ್ದು ‘ಬ್ಲೀಡಿಂಗ್ ಮದ್ರಾಸ್’ ಎಂಬ ಚೌಕಳಿ ಬಟ್ಟೆ. ಅದರ ಹಿಂದೆ ಒಂದು ಒಗೆತದ ಕಥೆ ಇದೆ. 1958ರಲ್ಲಿ ವಿಲಿಯಂ ಜೇಕಬ್‌ಸನ್ ಎಂಬ ಅಮೆರಿಕನ್ ಆಮದುಗಾರ ಕ್ಯಾಪ್ಟನ್ ಸಿ.ಪಿ. ಕೃಷ್ಣನ್ ನಾಯರ್ ಅವರಿಂದ ಹತ್ತು ಸಾವಿರ ಗಜ ಮದರಾಸು ಚೌಕಳಿ ಕೊಂಡ; ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದವರು ಇದೇ ನಾಯರ್. ಬಣ್ಣ ಬಿಡುವ ಬಟ್ಟೆ, ತಣ್ಣೀರಿನಲ್ಲಿ ಮೆಲ್ಲಗೆ ಒಗೆಯಬೇಕು ಎಂದು ಹೇಳಿಯೇ ಮಾರಿದ್ದರಂತೆ. ಆ ಮಾತು ಬಟ್ಟೆಯ ಜೊತೆ ಗಿರಾಕಿಯವರೆಗೆ ಹೋಗಲಿಲ್ಲ. ಬ್ರೂಕ್ಸ್ ಬ್ರದರ್ಸ್ ಅಂಗಡಿಯಲ್ಲಿ ಕೊಂಡ ಅಂಗಿಗಳು ಮೊದಲ ಒಗೆತಕ್ಕೇ ಬಣ್ಣ ಉಗುಳಿದವು, ದೂರುಗಳು ಬಂದವು. ಕೊನೆಗೆ ಆ ದೋಷವನ್ನೇ ಗುಣ ಮಾಡಿ, ‘ಬಣ್ಣ ಬಿಡುವುದು ಖಾತ್ರಿ’ ಎಂದು ಜಾಹೀರಾತು ಕೊಟ್ಟು ಮಾರಿದರು. ಜನ ಮುಗಿಬಿದ್ದು ಕೊಂಡರು. ಅಂಗಿಗೆ ಅದು ಚೆಂದ. ನಾಲ್ಕು ತಿಂಗಳು ಹೊಲಿದ ಬಿಳಿ ನಕ್ಷತ್ರದ ಮೇಲೆ ಕೆಂಪು ಹರಿದರೆ ಯಾವ ಜಾಹೀರಾತೂ ಕಾಪಾಡದು.

ಆದ್ದರಿಂದ ಕತ್ತರಿ ಹಿಡಿಯುವ ಮೊದಲೇ ಪ್ರತಿ ಬಟ್ಟೆಯನ್ನೂ ಬೇರೆಬೇರೆಯಾಗಿ ನೆನೆಸಿ ಒಗೆಯಿರಿ. ಕೆಂಪು, ಕಡುನೀಲಿ, ಕಪ್ಪು, ಮೆರೂನ್, ಈ ನಾಲ್ವರ ಮೇಲೆ ವಿಶೇಷ ನಿಗಾ ಇರಲಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಹಳೆಯ ನಂಬಿಕೆಯನ್ನು ನೆಚ್ಚಬೇಡಿ. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸವಿದೆ, ಅಂಗಡಿಯಿಂದ ತಂದ ಬಟ್ಟೆಯಲ್ಲಿ ಅದು ಹೆಚ್ಚೇನೂ ಮಾಡದು. ಬಕೆಟ್ಟಿನ ನೀರು ತಿಳಿಯಾಗುವವರೆಗೆ ಬದಲಿಸುವುದೊಂದೇ ದಾರಿ. ಬಿಳಿ ಕರವಸ್ತ್ರವನ್ನು ಒದ್ದೆ ಬಟ್ಟೆಯ ಮೇಲೆ ಒತ್ತಿ ನೋಡಿ. ಕಲೆ ಬಿದ್ದರೆ ಆ ಬಟ್ಟೆಗೆ ಈ ಸಲ ರಜೆ. ಒಗೆತದಲ್ಲಿ ಇನ್ನೊಂದು ಲಾಭ, ಹತ್ತಿ ಕುಗ್ಗುವಷ್ಟು ಮೊದಲೇ ಕುಗ್ಗಿಬಿಡುತ್ತದೆ. ಹೊಲಿದ ಮೇಲೆ ಒಂದು ತುಂಡು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಹೊದಿಕೆ ಮುದುಡಿಕೊಳ್ಳುತ್ತದೆ.

ಒಗೆದ ಬಟ್ಟೆ ಮೆತ್ತಗಾಗಿ ಕೈಗೆ ಸಿಗದೆ ನುಣುಚುತ್ತದೆ. ಅದಕ್ಕೆ ಗಂಜಿ. ಅಂಗಡಿಯ ಸ್ಪ್ರೇ ಬೇಡ, ಅನ್ನ ಬಸಿದ ತಿಳಿಯೇ ಸಾಕು. ಶೋಧಿಸಿ, ನೀರು ಬೆರೆಸಿ, ಅದ್ದಿ, ನೆರಳಿನಲ್ಲಿ ಒಣಗಿಸಿ, ಇನ್ನೂ ಸ್ವಲ್ಪ ಪಸೆ ಇರುವಾಗಲೇ ಇಸ್ತ್ರಿ ಹಾಕಿ. ತ್ರಿಕೋನ ಕತ್ತರಿಸುವವರಿಗೆ ಗಂಜಿ ದೊಡ್ಡ ಬಲ. ಹಾಸು ಹೊಕ್ಕಿನ ನೇರಕ್ಕೆ ಕತ್ತರಿಸಿದ ಅಂಚು ಜಗ್ಗುವುದಿಲ್ಲ. ಓರೆಯಾಗಿ ಕತ್ತರಿಸಿದ್ದು, ನಮ್ಮ ದರ್ಜಿಗಳು ಕ್ರಾಸ್ ಎನ್ನುವುದು, ಬೆರಳು ತಾಗಿದರೂ ಎಳೆದುಕೊಳ್ಳುತ್ತದೆ. ಪ್ರತಿ ತ್ರಿಕೋನಕ್ಕೂ ಒಂದು ಓರೆ ಅಂಚು ಇದ್ದೇ ಇರುತ್ತದೆ. ಆದರೆ ಗಂಜಿ ಹಾಕಿದ ಬಟ್ಟೆಯನ್ನು ತಿಂಗಳುಗಟ್ಟಲೆ ಕಟ್ಟಿಡಬೇಡಿ. ಕಡಲೂರಿನ ತೇವಕ್ಕೆ ಅದು ಬೂಸ್ಟು ಹಿಡಿಯುತ್ತದೆ, ಹುಳುವಿಗೂ ಊಟವಾಗುತ್ತದೆ. ಒಗೆದು ಎತ್ತಿಡುವುದು ಇವತ್ತು. ಗಂಜಿ ಹಾಕುವುದು ಕತ್ತರಿಸುವ ಹಿಂದಿನ ದಿನ.

ಕಡಲಿನ ಮಾತು ಬಂತು. ತಿರುವೊಟ್ಟಿಯೂರಿನಂಥ ಊರಿನಲ್ಲಿ ಕಬ್ಬಿಣದ ವೈರಿ ಗಾಳಿಯೇ. ಗುಂಡುಸೂಜಿ ತಿಂಗಳೊಳಗೆ ತುಕ್ಕು ಹಿಡಿದು ತಿಳಿಬಟ್ಟೆಯ ಮೇಲೆ ಹೋಗದ ಚುಕ್ಕೆ ಬಿಡುತ್ತದೆ. ಬಟ್ಟೆಗೆ ಚುಚ್ಚಿದ ಪಿನ್ನನ್ನು ವಾರಗಟ್ಟಲೆ ಹಾಗೇ ಬಿಡಬಾರದು. ಕೆಲಸವಿಲ್ಲದಾಗ ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಹಿಂದಿನವರ ಸೂಜಿದಿಂಬಿಗೆ ನೇತುಬಿದ್ದ ಪುಟ್ಟ ಸ್ಟ್ರಾಬೆರಿ ಬೊಂಬೆಯನ್ನು ನೀವು ನೋಡಿರಬಹುದು. ಅದು ಅಂದಕ್ಕಲ್ಲ, ಒಳಗೆ ಕುರುಂದದ ಪುಡಿ ತುಂಬಿರುತ್ತದೆ, ಸೂಜಿಯನ್ನು ನಾಲ್ಕು ಸಲ ಚುಚ್ಚಿ ತೆಗೆದರೆ ತುಕ್ಕು ಹೋಗಿ ಮೊನೆ ಹೊಳೆಯುತ್ತದೆ. ಇದೇ ತಿರುವೊಟ್ಟಿಯೂರಿನಲ್ಲಿ 1954ರಲ್ಲಿ ಹುಟ್ಟಿದ ಕಾರ್ಬೊರಂಡಂ ಯೂನಿವರ್ಸಲ್ ಕಂಪನಿ ಉಜ್ಜುವ, ಸಾಣೆ ಹಿಡಿಯುವ ಸಾಮಾನನ್ನೇ ಕಸುಬು ಮಾಡಿಕೊಂಡು ಕೂತಿದೆ ಎಂದು ನೆನೆದರೆ ತಮಾಷೆ ಎನಿಸುತ್ತದೆ. ಹಾರ್ಡ್‌ವೇರ್ ಅಂಗಡಿಯ ಒಂದು ಹಾಳೆ ನಯವಾದ ಎಮರಿ ಕಾಗದ ನಮಗೆ ಸಾಕು.

ಎಷ್ಟು ಬಟ್ಟೆ ಎಂಬ ಪ್ರಶ್ನೆಗೆ ವಿನ್ಯಾಸಕಿಯ ಪಟ್ಟಿಯೇ ಉತ್ತರ. ಆದರೂ ಲೆಕ್ಕ ಹೇಗೆ ಬರುತ್ತದೆಂದು ಒಮ್ಮೆ ಮಾಡಿ ನೋಡಿದರೆ ಅಂಗಡಿಯಲ್ಲಿ ಧೈರ್ಯ ಇರುತ್ತದೆ. 48 ಇಂಚು ಅಗಲ, 60 ಇಂಚು ಉದ್ದದ ಹೊದಿಕೆ ಎನ್ನಿ. ನಡುವೆ 12 ಇಂಚಿನ ಹನ್ನೆರಡು ದೊಡ್ಡ ಚೌಕ, ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು. ಸುತ್ತ 6 ಇಂಚಿನ ಪಟ್ಟಿ. ಒಂದೊಂದು ದೊಡ್ಡ ಚೌಕದಲ್ಲೂ 3 ಇಂಚಿನ ಹದಿನಾರು ಜೋಡಿ ತ್ರಿಕೋನವಾದರೆ ಒಟ್ಟು 192. ಇವನ್ನು ಒಂದೊಂದಾಗಿ ಮಾಡಬೇಕಿಲ್ಲ. 4 ಇಂಚಿನ ತಿಳಿ ಚೌಕವೊಂದನ್ನು ಅಷ್ಟೇ ದೊಡ್ಡ ಗಾಢ ಚೌಕದ ಮೇಲೆ ಇಟ್ಟು, ಮೂಲೆಯಿಂದ ಮೂಲೆಗೆ ಪೆನ್ಸಿಲಿನ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿದು, ಗೆರೆಯ ಮೇಲೆ ಕತ್ತರಿಸಿ ಬಿಡಿಸಿದರೆ ಒಟ್ಟಿಗೆ ಎರಡು ಸಿಗುತ್ತವೆ. ಮೂರೂವರೆ ಇಂಚಿಗೆ ಅಂಚು ಸವರಿದರೆ ಮುಗಿಯಿತು. ಅಲ್ಲಿಗೆ ತಿಳಿ 96, ಗಾಢ 96. ನಮ್ಮ ಬಟ್ಟೆಯ ಅಗಲ 44 ಇಂಚು. ಕಿನಾರಿ ಕಳೆದು ಒಂದು ಸಾಲಿಗೆ ಹತ್ತು ಚೌಕ. ಹತ್ತು ಸಾಲಿಗೆ 40 ಇಂಚು, ಅಂದರೆ ಮೀಟರಿಗಿಂತ ಕೂದಲಷ್ಟು ಜಾಸ್ತಿ. ಕುಗ್ಗುವುದಕ್ಕೂ ಕತ್ತರಿ ತಪ್ಪುವುದಕ್ಕೂ ಸೇರಿಸಿ ಒಂದೊಂದರಲ್ಲಿ ಒಂದೂಕಾಲು ಮೀಟರ್ ಕೊಳ್ಳಿ. ಸುತ್ತಿನ ಪಟ್ಟಿಗೆ ಒಂದು, ಅಂಚು ಕಟ್ಟಲು ಅರ್ಧ. ಸಂದೇಹವಿದ್ದರೆ ತಿಳಿಬಟ್ಟೆಯನ್ನು ಹೆಚ್ಚು ತನ್ನಿ; ಗುಟ್ಟಿನ ವಿನ್ಯಾಸದಲ್ಲಿ ಮೊದಲು ಸಾಲದೆ ಬರುವುದು ಅದೇ, ಮತ್ತೆ ಅಂಗಡಿಗೆ ಹೋದಾಗ ಅದೇ ಥಾನು ಸಿಗುವ ಭರವಸೆ ಇಲ್ಲ.

ಹಿಂಬದಿಗೆ ದುಡ್ಡು ಸುರಿಯಬೇಡಿ. ಸುತ್ತಲೂ ನಾಲ್ಕು ಇಂಚು ಹೆಚ್ಚು ಇರಬೇಕು, 56ಕ್ಕೆ 68. ಐದೂವರೆ ಮೀಟರಿನ ಹಳೆಯ ಹತ್ತಿ ಸೀರೆಯಲ್ಲಿ 56 ಇಂಚಿನ ಎರಡು ತುಂಡು ತೆಗೆದು ಉದ್ದುದ್ದಕ್ಕೆ ಜೋಡಿಸಿದರೆ ಆಗಿಹೋಯಿತು, ಅರ್ಧ ಸೀರೆ ಇನ್ನೂ ಉಳಿಯುತ್ತದೆ. ನಡುವಿನ ಪದರಕ್ಕೆ ಪುಸ್ತಕಗಳು ಹೇಳುವ ದಪ್ಪ ಹತ್ತಿಹಾಳೆ ಚಳಿದೇಶದವರಿಗೆ. ಚೆನ್ನೈನ ಸೆಕೆಯಲ್ಲಿ ಅದನ್ನು ಹೊದೆಯುವವರು ಯಾರು? ಕೌದಿಯವರ ದಾರಿಯೇ ಇಲ್ಲಿ ಸರಿ: ಸವೆದ ಬೆಡ್‌ಶೀಟೋ ಧೋತರವೋ ಒಂದು ಪದರ. ಬೆಂಗಳೂರಿನವರು ಎರಡು ಹಾಕಿಕೊಳ್ಳಲಿ, ಬೀದರ್ ಕಡೆಯವರು ಡಿಸೆಂಬರಿಗೆಂದು ಮೂರು.

ಸಲಕರಣೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಚಕ್ರದ ಕತ್ತರಿ, ಅದಕ್ಕೆಂದೇ ಇರುವ ಮ್ಯಾಟು, ಪಾರದರ್ಶಕ ಸ್ಕೇಲು ಇದ್ದರೆ ಕೆಲಸ ಬೇಗ ಸಾಗುತ್ತದೆ, ನಿಜ. ಇಲ್ಲದಿದ್ದರೆ ದಪ್ಪ ರಟ್ಟಿನಲ್ಲಿ ಅಳತೆಯ ಚೌಕ ಕತ್ತರಿಸಿಕೊಂಡು, ಬಟ್ಟೆಯ ಮೇಲಿಟ್ಟು ಗೆರೆ ಹಾಕಿ, ಬಟ್ಟೆಗೆಂದೇ ಮೀಸಲಾದ ಹರಿತ ಕತ್ತರಿಯಿಂದ ಕತ್ತರಿಸಿ. ಆ ಕತ್ತರಿಯನ್ನು ಹಾಲಿನ ಪ್ಯಾಕೆಟ್ ಕತ್ತರಿಸಲು ಒಯ್ಯುವವರ ಮೇಲೆ ಮನೆಯಲ್ಲಿ ಒಂದು ಕಣ್ಣಿರಲಿ. ಕತ್ತರಿಸಿದ ತುಂಡುಗಳನ್ನು ಮಾತ್ರ ರಾಶಿ ಹಾಕಬೇಡಿ. ಮದುವೆ ಕರೆಯೋಲೆಯ ದಪ್ಪ ಕವರುಗಳು ಎಲ್ಲರ ಮನೆಯಲ್ಲೂ ಇವೆ. ಎಷ್ಟನೆಯ ಸುಳಿವು, ಯಾವ ಬಟ್ಟೆ, ಎಷ್ಟು ಇಂಚು, ಎಷ್ಟು ತುಂಡು ಎಂದು ಮೇಲೆ ಬರೆದು ಒಳಗೆ ಹಾಕಿಡಿ. ಮಿಸ್ಟರಿಯಲ್ಲಿ ತುಂಡು ನೋಡಿ ಅದರ ಜಾಗ ಊಹಿಸಲು ಆಗದು. ಹೆಸರು ಬರೆಯದ ರಾಶಿ ಮೂರನೆಯ ವಾರಕ್ಕೆ ನಿಜಕ್ಕೂ ಒಗಟಾಗಿ ಕೂರುತ್ತದೆ. ಸುಳಿವು ಬಂದ ದಿನವೇ ಎಲ್ಲ ಬಟ್ಟೆಯನ್ನೂ ಕತ್ತರಿಸಿ ಮುಗಿಸುವ ಆತುರವೂ ಬೇಡ. ಎರಡು ಚೌಕ ಮಾಡಿ, ಅಳೆದು ನೋಡಿ, ಆಮೇಲೆ ಉಳಿದದ್ದು.

ಕೊನೆಯದಾಗಿ ಕಾಲು ಇಂಚು. ನಮ್ಮ ಟೈಲರುಗಳು ರವಿಕೆಯಲ್ಲಿ ಬಟ್ಟೆ ಒಳಗೆ ಧಾರಾಳ ಬಿಡುತ್ತಾರೆ, ನಾಳೆ ಬಿಗಿಯಾದರೆ ಬಿಚ್ಚಿಕೊಳ್ಳಲಿ ಎಂದು. ಅದು ರವಿಕೆಯ ನ್ಯಾಯ. ಕ್ವಿಲ್ಟಿನಲ್ಲಿ ಒಳಗೆ ಬಿಡುವುದು ಕಾಲೇ ಇಂಚು, ಎಲ್ಲ ಹೊಲಿಗೆಗೂ ಅದೇ. ಒಂದು ಹೊಲಿಗೆಯಲ್ಲಿ ದಾರದಷ್ಟು ತಪ್ಪಿದರೆ ಗೊತ್ತಾಗುವುದಿಲ್ಲ. ಹನ್ನೆರಡು ಹೊಲಿಗೆ ಸೇರಿದಾಗ ಸಾಲು ಸಾಲಿಗೆ ಕೂಡುವುದಿಲ್ಲ, ನಕ್ಷತ್ರದ ಮೊನೆ ಮುರಿಯುತ್ತದೆ. ಚಿತ್ರ ಮುಂದಿದ್ದರೆ ನಡುವೆಯೇ ತಪ್ಪು ಕಾಣುತ್ತದೆ. ಇಲ್ಲಿ ಕಾಣುವುದು ಕೊನೆಯ ದಿನ. ಆದ್ದರಿಂದ ಪರೀಕ್ಷೆಯನ್ನು ಮೊದಲೇ ಮುಗಿಸಿಬಿಡಿ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಕಾಲು ಇಂಚು ಒಳಬಿಟ್ಟು ಪಕ್ಕಪಕ್ಕ ಹೊಲಿದು, ಇಸ್ತ್ರಿ ಹಾಕಿ ಅಳೆಯಿರಿ. ಮೂರೂ ಸೇರಿ ಮೂರೂವರೆ ಇಂಚು ಬರಬೇಕು, ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು ಇರಬೇಕು. ಕಡಿಮೆ ಬಂದರೆ ನಿಮ್ಮ ಹೊಲಿಗೆ ಒಳಕ್ಕೆ ಸರಿದಿದೆ, ಹೆಚ್ಚು ಬಂದರೆ ಅಂಚಿಗೆ ಬಿದ್ದಿದೆ. ಮಷೀನಿನ ತಟ್ಟೆಯ ಮೇಲೆ ಸೂಜಿಯಿಂದ ಕಾಲು ಇಂಚಿಗೆ ಒಂದು ಟೇಪು ಅಂಟಿಸಿ ಮತ್ತೆ ಹೊಲಿಯಿರಿ, ಮತ್ತೆ ಅಳೆಯಿರಿ. ನಡುವಿನ ಪಟ್ಟಿ ಒಂದು ಇಂಚು ಬರುವವರೆಗೆ ಮೊದಲ ಸುಳಿವನ್ನು ತೆರೆಯಬೇಡಿ.